ಕುರಿಯವನ ಹೆಸರು

ತಪ್ಪು ಮನುಷ್ಯನ ಎದುರಿಗೆ ಕೂತು ನಾನು ಹದಿನೈದು ನಿಮಿಷ ನನ್ನ ಲೋಕದ ನೇಮಗಳನ್ನು ಹೇಳಿದ್ದೆ.

ಕೊಲ್ಹಾಪುರ, ಶಾಹುಪುರಿ, ಒಂದು ಮಿಸಳ ತಿಂಡಿ ಅಂಗಡಿಯ ಮಹಡಿ. ಕಿಟಕಿಯ ಪಕ್ಕದ ಮೇಜಿಗೆ ರುಮಾಲು ಸುತ್ತಿದ ಮುದುಕರೊಬ್ಬರು ಕೂತಿದ್ದರು. ನನ್ನ ಜೊತೆ ಬರೆಯಲು ಬರುವವನ ಹೆಸರು ಸಾತಪ್ಪ ಎಂದಿದ್ದರು. ಆ ಹೆಸರಿನವನಿಗೆ ಎಪ್ಪತ್ತಕ್ಕಿಂತ ಕಡಿಮೆ ವಯಸ್ಸು ಇರಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಮಸ್ಕಾರ ಮಾಡಿದೆ, ಲ್ಯಾಪ್‌ಟಾಪ್ ತೆರೆದೆ, ಶುರು ಹಚ್ಚಿಕೊಂಡೆ. ಒಂದು, ನನ್ನ ಲೋಕದಲ್ಲಿ ಸತ್ತವರು ತಿರುಗಿ ಬರುವುದಿಲ್ಲ. ಎರಡು, ವಾಡೆಯ ಕೋಟೆಗೋಡೆಯ ಹೊರಗಿನವರಿಗೆ ಹೆಸರಿಲ್ಲ. ಬಾಗಿಲವನು, ನೀರಿನವಳು, ಕುರಿಯವನು, ಅಷ್ಟೇ. ಮೂರು, ನಡೆದದ್ದೆಲ್ಲ ಕನಸು ಎಂದು ಹೇಳಿ ಓದುಗರಿಗೆ ಮೋಸ ಮಾಡುವ ಹಾಗಿಲ್ಲ. ಹೀಗೆ ಹನ್ನೊಂದರ ತನಕ ಹೋದೆ. ಮುದುಕರು ಬ್ರೆಡ್ಡನ್ನು ಕೆಂಪು ರಸದಲ್ಲಿ ಅದ್ದಿ ತಿನ್ನುತ್ತ ಎಲ್ಲದಕ್ಕೂ ತಲೆ ಆಡಿಸಿದರು.

"ಬರೋಬರ್ ಆಹೆ, ಬಾಳ," ಎಂದರು ಕೊನೆಗೆ. "ಪಣ ಮಲಾ ಕಾನಡಿ ಯೇತ ನಾಹೀ."

ಅವರಿಗೆ ಕನ್ನಡವೇ ಬರುತ್ತಿರಲಿಲ್ಲ! ಹಿಂದಿನ ಮೇಜಿನಲ್ಲಿ ಯಾರೋ ಕೆಮ್ಮಿದ ಹಾಗೆ ನಕ್ಕರು. ತಿರುಗಿ ನೋಡಿದೆ. ಫ್ಯಾಕ್ಟರಿಯ ನೀಲಿ ಅಂಗಿ, ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು, ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಾನೆ, ಕಣ್ಣು ಮಾತ್ರ ತಡೆದುಕೊಂಡಿಲ್ಲ.

"ಸಾತಪ್ಪ ನಾನ್ರಿ. ಅಜ್ಜನ ಹೆಸರ ಇಟ್ಟಾರ, ನಂದೇನ್ ತಪ್ಪಿಲ್ಲ."

"ಮತ್ತ ಹದಿನೈದ ನಿಮಿಷ ಸುಮ್ಮ ಯಾಕ ಕೂತಿದ್ರಿ?"

"ನೇಮಾ ಕೇಳಾಕತ್ತಿದ್ದೆ. ಎಲ್ಲಾ ಚಲೋ ಅದಾವ್ರಿ. ಎರಡನೇದ್ದೊಂದ ಬಿಟ್ರ."

ಮೊದಲ ದಿನವೇ ಹಾಗಂದ. ನನ್ನ ಮೂಗಿನ ತುದಿಗೆ ಸಿಟ್ಟು ಬಂತು.

'ಏಳು ವಾಡೆ' ನನ್ನದು. ಹದಿನೇಳನೇ ವಯಸ್ಸಿನಲ್ಲಿ, ಇಚಲಕರಂಜಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ, ನೂಲಿನ ಚೀಲಗಳಿಗೆ ಒರಗಿ ಕೂತು ಕಟ್ಟಿದ ಲೋಕ. ಕೆಳಗೆ ಅಪ್ಪ, ಕಾಕಾಸಾಹೇಬ ಕಾಕಾ, ನನ್ನ ಅಣ್ಣ ಸೂರಜ ದಾದಾ ನೂಲಿನ ವ್ಯಾಪಾರ ಮಾಡುತ್ತಿದ್ದರು. ಮೇಲೆ ನಾನು ರಾಣಿ ತುಂಗಾವತಿಗೆ ಏಳು ವಾಡೆಗಳ ರಾಜ್ಯ ಕಟ್ಟಿಕೊಡುತ್ತಿದ್ದೆ. ಅಜ್ಜಿ ಚನ್ನವ್ವ ಕಲಿಸಿದ ಕನ್ನಡದಲ್ಲಿ ಬರೆದು ಕಥೆಗಳ ಆ್ಯಪ್ ಒಂದಕ್ಕೆ ಹಾಕಿದೆ. ಜನ ಮುಗಿಬಿದ್ದು ಓದಿದರು.

ಇದು ಸುಮ್ಮನೆ ಓದುವ ಕಥೆಯಲ್ಲ. ಪುಟದ ಕೊನೆಗೆ ಎರಡೋ ಮೂರೋ ಆಯ್ಕೆ ಬರುತ್ತವೆ. ರಾಣಿ ಬಾಗಿಲು ತೆರೆಯಬೇಕೋ, ಓಡಬೇಕೋ, ಕತ್ತಿ ಹಿರಿಯಬೇಕೋ, ಓದುಗರೇ ಒತ್ತಿ ಹೇಳಬೇಕು. ಓದುವವರಿಗೆ ಒಂದೇ ದಾರಿ. ಬರೆಯುವವರು ಮಾತ್ರ ಯಾರೂ ಬಾರದ ದಾರಿಯನ್ನೂ ಕೂತು ಬರೆಯಬೇಕು. ಒಬ್ಬಳಿಂದ ಸಾಗಲಿಲ್ಲ. ಆಗ ಆ್ಯಪ್‌ನವರು ಈ ಸಾತಪ್ಪನನ್ನು ನನಗೆ ಗಂಟು ಹಾಕಿದರು. ಗಡಹಿಂಗ್ಲಜ ಕಡೆಯ ಹಳ್ಳಿ, ಸಂಕೇಶ್ವರದ ಕನ್ನಡ ಶಾಲೆ, ಕಾಗಲದ ಫ್ಯಾಕ್ಟರಿಯಲ್ಲಿ ಕೆಲಸ. ಒಪ್ಪಂದ ನೇರವಾಗಿತ್ತು: ಹನ್ನೆರಡು ಕಂತು, ಲೋಕ ನನ್ನದು, ಅದರೊಳಗೆ ಅವನು ಬರೆದದ್ದೂ ನನ್ನದು.

ಇನ್ನೊಂದು ವಿಷಯ ಹೇಳಬೇಕು. ನನ್ನ ಫೋನಿನಲ್ಲಿ ಒಂದು ಮೂಲ ಹಾಳೆ ಇದೆ. ಎಲ್ಲ ಪಾತ್ರಗಳ ಎದುರಿಗೂ 'ಇದ್ದಾನೆ' ಅಥವಾ 'ಸತ್ತಿದ್ದಾನೆ' ಎಂದು ಬರೆದಿರುತ್ತದೆ. ಆ್ಯಪ್ ಯಾವ ಪುಟ ತೆರೆಯುವ ಮೊದಲೂ ಆ ಹಾಳೆ ನೋಡುತ್ತದೆ. ಪಾತ್ರ ಸತ್ತಿದ್ದರೆ ಅವನಿರುವ ಪುಟಗಳೆಲ್ಲ ಮುಚ್ಚಿಕೊಳ್ಳುತ್ತವೆ. ಆ ಹಾಳೆಯನ್ನು ನಾನೊಬ್ಬಳೇ ತಿದ್ದಬಹುದಿತ್ತು.

ಪ್ರತಿ ಭಾನುವಾರ ಅದೇ ಅಂಗಡಿಯಲ್ಲಿ ಕೂರುತ್ತಿದ್ದೆವು. ಅವನು ಬರೆದದ್ದನ್ನು ನಾನು ಹೊಡೆದು ಹಾಕುವುದು, ನಾನು ಹೊಡೆದದ್ದಕ್ಕೆ ಅವನು ಜಗಳ ತೆಗೆಯುವುದು. ಹಾಗೆ ಜಗಳ ತೆಗೆಯುವವರನ್ನು ನಾನು ಕಂಡಿರಲಿಲ್ಲ. ದನಿ ಏರಿಸುತ್ತಿರಲಿಲ್ಲ. ನಾನು ಸಾಲಿನ ಮೇಲೆ ಬೆರಳಿಟ್ಟರೆ ಪರದೆ ನೋಡದೆ ನನ್ನ ಬೆರಳನ್ನೇ ನೋಡುತ್ತಿದ್ದ, ಅದು ಹೊಡೆಯುತ್ತದೋ ಬಿಡುತ್ತದೋ ಎಂದು. ಆಮೇಲೆ ನಿಧಾನ ಕಣ್ಣೆತ್ತುತ್ತಿದ್ದ. ಆ ಕಣ್ಣು ಮೇಲೆ ಬರುವ ಹೊತ್ತಿಗೆ ನಾನು ಏನು ಹೇಳಬೇಕೆಂದಿದ್ದೆನೋ ಅರ್ಧ ಮರೆತಿರುತ್ತಿತ್ತು.

ಅವನಿಗೆ ಕೊಟ್ಟದ್ದು ವಾಡೆಯ ಹೊರಗಿನ ಪುಟಗಳು. ಅಲ್ಲಿ ನಾನು ಒಮ್ಮೆ ಎರಡು ಸಾಲಿನಲ್ಲಿ ಬರೆದು ಬಿಟ್ಟಿದ್ದ ಒಬ್ಬ ಕುರಿಯವನಿದ್ದ. ಸಾತಪ್ಪ ಅವನನ್ನೇ ಹಿಡಿದುಕೊಂಡ.

"ಈ ಕುರಿಯವ ರಾಣಿ ಕಾಲ ಯಾಕ ನೋಡಾಕತ್ತಾನ? ಹೊಡೀತೀನಿ ನೋಡ ಇದನ್ನ," ಎಂದೆ.

"ವಾಡೇಕ್ಕ ಬಂದವ್ರು ತಲಿ ಬಗ್ಗಿಸಿ ನಿಲ್ಲಬೇಕಂತ ನೀವ ಬರದೀರಿ. ತಲಿ ಬಗ್ಗಿಸಿದವ್ರಿಗೆ ಮತ್ತೇನ ಕಾಣತೈತ್ರಿ?"

ಹೊಡೆಯಲು ಇಟ್ಟ ಬೆರಳು ತೆಗೆದೆ. ಸಾಲು ಉಳಿಯಿತು. ಅವನು ಗೆದ್ದ ಸಂತೋಷಕ್ಕೆ ಇನ್ನೊಂದು ಬಟ್ಟಲು ರಸ ಹೇಳಿದ. ಅದನ್ನು ನೀರಿನ ಹಾಗೆ ಕುಡಿದು ಕಣ್ಣಲ್ಲಿ ನೀರು ತಂದುಕೊಂಡ. ನಾನು ನಕ್ಕೆ.

"ನಗ್ರಿ, ನಗ್ರಿ. ನೀವು ನಕ್ಕಾಗ ಯಾವ ಸಾಲೂ ಹೊಡ್ಯಾಂಗಿಲ್ಲ. ನಾ ನೋಡೇನಿ."

ಮೂರನೇ ತಿಂಗಳಲ್ಲಿ ಅವನು ಕುರಿಯವನಿಗೆ ಹೆಸರು ಕೇಳಿದ. ನಾನು ಎರಡನೇ ನೇಮ ತೋರಿಸಿದೆ. ಅವನು ಬಿಡಲಿಲ್ಲ.

"ಕುರಿಯವಗ ಹೆಸರ ಯಾಕ ಬೇಕೋ ಮಾರಾಯಾ?" ಎಂದೆ. "ಕುರಿಗೋಳು ಹೆಸರ ಹಿಡದ ಕರೀತಾವೇನು?"

ಚಲೋ ಮಾತು ಆಡಿದೆ ಎಂದುಕೊಂಡು ನಾನೊಬ್ಬಳೇ ನಕ್ಕೆ. ಅವನು ಲೋಟ ಕೆಳಗಿಟ್ಟ.

"ನಮ್ಮಪ್ಪನ ಹೆಸರ ಧೋಂಡಿಬಾ. ಈಗ ನಾಂದಣಿ ಕಡೆ ಒಬ್ಬರ ಹೊಲದಾಗ ಗೊಬ್ಬರಕ್ಕ ಕುರಿ ನಿಲ್ಲಿಸ್ಯಾನ. ಕುರಿಗೋಳು ಕರ್ಯಾಂಗಿಲ್ಲ, ಖರೆ ಐತಿ. ಹೊಲದ ಮಾಲಕರೂ ಕರ್ಯಾಂಗಿಲ್ಲ. ಕುರಿಯವ ಬಂದಾನೇನಂತ ಕೇಳ್ತಾರ. ನಲವತ್ತ ವರ್ಷ ಆತು."

ಅವತ್ತೇ ನೇಮ ಅಳಿಸಬಹುದಿತ್ತು. ಒಂದೇ ಸಾಲು ತಾನೇ. ಕ್ಷಮಿಸು ಎನ್ನಬಹುದಿತ್ತು. ನಾನು ಮಾಡಿದ್ದೇನು ಗೊತ್ತೇ? "ಆರನೇ ಪುಟಕ್ಕ ಹೋಗೋಣು" ಎಂದೆ. ಅವನು ಆರನೇ ಪುಟ ತೆಗೆದ.

ನಾನು ಕೆಟ್ಟವಳು ಎಂದು ಹೇಳಿ ನೀವು ಮುಗಿಸಬಹುದು. ಆದರೆ ನಮ್ಮ ಮನೆಯನ್ನೂ ಸ್ವಲ್ಪ ನೋಡಿ. ನಮ್ಮಲ್ಲಿ ಹುಡುಗನ ಮುಖ ನೋಡುವ ಮೊದಲು ಮನೆತನ ಕೇಳುತ್ತಾರೆ. ಶಂಕರಲಿಂಗ ಮಾವನ ಮಗಳು ಬೇರೆ ಜಾತಿಯವನ ಕೈಹಿಡಿದಳೆಂದು ಅವಳ ಫೋಟೋಗಳನ್ನು ಗೋಡೆಯಿಂದ ತೆಗೆದರು. ಮೊಳೆಗಳು ಇನ್ನೂ ಹಾಗೇ ಇವೆ. ಆ ಮೊಳೆ ನೋಡುತ್ತ ನಾನು ಊಟ ಮಾಡಿದ್ದೇನೆ. ಹೊರಗಿನವನಿಗೆ ಹೆಸರು ಬಂದರೆ ಏನಾಗುತ್ತದೆ ಎಂದು ನನಗೆ ಕಥೆ ಬರೆಯುವ ಮೊದಲೇ ತಿಳಿದಿತ್ತು.

ಸಾತಪ್ಪ ಬೇರೆ ದಾರಿ ಹುಡುಕಿದ.

"ಹೆಸರ ಕೊಡಬ್ಯಾಡ್ರಿ. ರಾಣಿ ಕಡಿಂದ ಕೇಳಸ್ರಿ, ಸಾಕು. ಕೇಳಬಾರದಂತ ನೇಮಾ ಇಲ್ಲಲ್ಲ?"

ಇರಲಿಲ್ಲ, ಹಾಳಾಗಿ ಹೋಗಲಿ. ಆರನೇ ಕಂತಿನ ಕೊನೆಗೆ ಬರೆದೆವು. ಕುರಿಯವನು ಗಾಯವಾದ ರಾಣಿಯನ್ನು ಕಂಬಳಿಯಲ್ಲಿ ಮುಚ್ಚಿ ವಾಡೆಗೆ ತಂದು ಬಿಟ್ಟಿದ್ದಾನೆ. ರಾಣಿ ಏನು ಮಾಡಬೇಕು? ಹೊರಗೆ ಹೋಗೆಂದು ಹೇಳಬೇಕು. ನೀರು ಕೊಡಬೇಕು. ಹೆಸರೇನೆಂದು ಕೇಳಬೇಕು.

ಹತ್ತರಲ್ಲಿ ಒಂಬತ್ತು ಜನ ಹೆಸರು ಕೇಳಿದರು. ಉತ್ತರದ ಪುಟವನ್ನು ನಾನು ಬಿಟ್ಟಿರಲಿಲ್ಲ. 'ಉತ್ತರ ಮುಂದಿನ ಕಂತಿಗೆ' ಎಂದು ಹಾಕಿದ್ದೆ. ಅಥಣಿಯಿಂದ, ಜಮಖಂಡಿಯಿಂದ, ಎಲ್ಲೆಲ್ಲಿಂದಲೋ ಹೆಂಗಸರು ಬರೆದರು: ನಮ್ಮ ಕುರಿಯವನ ಹೆಸರು ಹೇಳಿ. ನಮ್ಮ ಕುರಿಯವ ಅಂತೆ! ನನ್ನ ಲೋಕದಲ್ಲಿ ನನ್ನ ರಾಣಿಯನ್ನು ಬಿಟ್ಟು ಅವನನ್ನು ಕೇಳುತ್ತಿದ್ದರು. ಹೊಟ್ಟೆ ಉರಿಯಿತು. ಹೆಮ್ಮೆಯೂ ಆಯಿತು.

ಅವನು ಉತ್ತರದ ಪುಟ ಬರೆದು, ಇಬ್ಬರೂ ತಿದ್ದಬಹುದಾದ ನಮ್ಮ ಕಡತದಲ್ಲಿ ನನಗಾಗಿ ಇಟ್ಟ. ನಾನು ತೆರೆಯಲಿಲ್ಲ. ತೆರೆದರೆ ಹೌದೋ ಅಲ್ಲವೋ ಒಂದು ಹೇಳಬೇಕಾಗುತ್ತಿತ್ತು, ಮತ್ತು ಅವನು ಕೇಳುತ್ತಿದ್ದದ್ದು ಬರೀ ಕುರಿಯವನ ವಿಷಯವಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ತಗದ್ರೇನು?" ಪ್ರತಿ ಭಾನುವಾರ ಬಂದ ಕೂಡಲೇ ಕೇಳುತ್ತಿದ್ದ.

"ಇನ್ನಾ ಇಲ್ಲ."

"ಕಾಯ್ತೇನಿ ತಗೋರಿ. ನಮಗ ಕಾಯೂದ ರೂಢಿ ಐತಿ."

ಒಂದು ಸಂಜೆ ಕೊಲ್ಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಗಡಹಿಂಗ್ಲಜ ಬಸ್ಸಿಗೆ ಹತ್ತಿಸಲು ಹೋಗಿದ್ದೆ. ಅವನು ಕಿಟಕಿಯ ಪಕ್ಕ ಕೂತ. ನಾನು ಕೆಳಗೆ ನಿಂತು ಕಿಟಕಿಯ ಸರಳು ಹಿಡಿದಿದ್ದೆ.

"ರುತುಜಾ, ಹೆಸರ ಕೇಳಿ ಐದ ವಾರ ಆತು. ಇಷ್ಟೊತ್ತಿಗೆ ನಮ್ಮ ಕುರಿ ಎರಡ ಮರಿ ಹಾಕ್ತಿತ್ತು."

"ನಿಂಗೇನ್ ಅವಸರ?"

"ನನಗಿಲ್ಲ. ಕುರಿಯವಗ ಐತಿ. ರಾಣಿ ಭಾಳ ಚಂದ ಅದಾಳ ಅಂತಾನ ಅಂವಾ. ಮೂಗಿನ ತುದಿಗೆ ಸಿಟ್ಟ ಇರತೈತಂತ. ಅದೂ ಚಂದ ಅಂತ."

ಹೇಳಿ, ಎರಡೇ ಎರಡು ಬೆರಳು ನನ್ನ ಬೆರಳ ಮೇಲೆ ಇಟ್ಟ. ಯಂತ್ರದ ಎಣ್ಣೆಯಿಂದ ಉಗುರಿನ ಅಂಚು ಕಪ್ಪಾಗಿತ್ತು. ಕಂಡಕ್ಟರ್ ಗಂಟೆ ಹೊಡೆಯುವ ತನಕ ಅವನು ತೆಗೆಯಲಿಲ್ಲ, ನಾನೂ ಕೈ ಎಳೆದುಕೊಳ್ಳಲಿಲ್ಲ. ನನಗೆ ಅವನ ಮೇಲೆ ಪ್ರೀತಿಯಾಗಿತ್ತು. ಸುತ್ತಿ ಬಳಸಿ ಏನು ಹೇಳಲಿ, ಆಗಿತ್ತು. ಇಚಲಕರಂಜಿಯ ಬಸ್ಸಿನಲ್ಲಿ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಏಳನೇ ಕಂತಿಗೆ ಎರಡು ವಾರ ಮೊದಲಿನ ಭಾನುವಾರ ಆ್ಯಪ್‌ನವರು ಕೊಲ್ಹಾಪುರದಲ್ಲಿ ಓದುಗರನ್ನು ಕರೆದರು. ನಿಪ್ಪಾಣಿ, ಚಿಕ್ಕೋಡಿ, ಬೆಳಗಾವಿಯಿಂದ ನೂರು ಜನ ಬಂದಿದ್ದರು. ಸೂರಜ ದಾದಾ ನನ್ನನ್ನು ಕಾರಿನಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂತ. ತಂಗಿಗೆ ಹಾರ ಹಾಕುತ್ತಾರೆಂದು ಅವನಿಗೆ ಬಹಳ ಖುಷಿ.

ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, "ಸರ್, ಕುರಿಯವನ ಹೆಸರ ಯಾವಾಗ ಹೇಳ್ತೀರಿ?"

ಸಾತಪ್ಪ ಮೈಕು ತೆಗೆದುಕೊಂಡ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಅವತ್ತು ಅವನು ಎಷ್ಟು ಚಂದ ಕಂಡ ಎಂದರೆ ನನಗೆ ಸಿಟ್ಟೇ ಬಂತು.

"ನನ್ನ ಕೈಯಾಗ ಇಲ್ರಿ. ರಾಣಿಯವ್ರು ಹೆಸರ ಕೇಳ್ಯಾರ. ಉತ್ತರಾ ಕೇಳಿಸ್ಕೊಳ್ಳಾಕ ಧೈರ್ಯ ಸಾಲವಲ್ದು." ಅಷ್ಟು ಹೇಳಿ ನನ್ನ ಕಡೆ ತಿರುಗಿದ. ಬಸ್ಸಿನ ಕಿಟಕಿಯಿಂದ ನೋಡಿದ ಹಾಗೇ ನೋಡಿದ. "ಆದ್ರ ಕೇಳಿಸ್ಕೋತಾರ. ನಾ ಗ್ಯಾರಂಟಿ ಕೊಡ್ತೇನಿ."

ಅವನ ಕಣ್ಣಿನ ಜೊತೆ ನೂರು ತಲೆಗಳು ನನ್ನ ಕಡೆ ತಿರುಗಿದವು. ಯಾರೋ ಸೀಟಿ ಹೊಡೆದರು. ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಸೂರಜ ದಾದಾ ಮಾತ್ರ ಕೈ ಕಟ್ಟಿಕೊಂಡು ನನ್ನನ್ನು ನೋಡುತ್ತಿದ್ದ. ನನ್ನ ಮುಖ ಕೆಂಪಾಗಿದ್ದನ್ನು ಅವನು ನೋಡಿಬಿಟ್ಟ.

ಕಾರು ಊರು ದಾಟಿದ ಮೇಲೆ ದಾದಾ ಕೇಳಿದ.

"ಯಾವ ರಾಣಿ ಬಗ್ಗೆ ಮಾತಾಡಿದ ಅಂವಾ?"

"ಕಥಿ ರಾಣಿ, ದಾದಾ."

"ಹೂಂ. ನಾಳೆ ಕಾಕಾಸಾಹೇಬ ಕಾಕಾ ಕೇಳಿದ್ರ ಹಂಗ ಹೇಳ್ತೀನಿ. ಕುರಿ ಕಾಯೋರ ಹುಡುಗ ನಮ್ಮ ಮನಿ ಹುಡುಗೀನ್ನ ನೋಡ್ಕೋತ ಗ್ಯಾರಂಟಿ ಕೊಟ್ಟ, ನೂರ ಮಂದಿ ಚಪ್ಪಾಳಿ ಬಡದ್ರು, ಆದ್ರ ಅದು ಕಥಿ ರಾಣಿ."

"ಅಂವಾ ಯಾರೂ ಅಲ್ಲ," ಎಂದೆ.

"ಯಾರೂ ಅಲ್ಲದವಗ ಇಷ್ಟ ಸೊಕ್ಕ?"

"ಸೊಕ್ಕ ಇಳಸ್ತೀನಿ. ಆ ಕುರಿಯವ ಮುಂದಿನ ಕಂತಿಗೆ ಇರಾಂಗಿಲ್ಲ. ತೋರಸ್ಲಿ?"

ಹಾತಕಣಂಗಲೆ ದಾಟುತ್ತಿದ್ದೆವು. ಫೋನ್ ತೆಗೆದೆ, ಮೂಲ ಹಾಳೆ ತೆಗೆದೆ. ಕುರಿಯವನು: ಇದ್ದಾನೆ. 'ಇದ್ದಾನೆ' ಅಳಿಸಿ 'ಸತ್ತಿದ್ದಾನೆ' ಎಂದು ಬರೆದೆ. ದಾದಾನ ಮುಖದ ಮುಂದೆ ಹಿಡಿದು, ಅವನು ನೋಡುತ್ತಿರುವಾಗಲೇ ಒತ್ತಿದೆ.

"ಭೇಷ್," ಎಂದ ದಾದಾ. ರೇಡಿಯೋ ಹಚ್ಚಿದ.

ಕೊರೋಚಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ರಸ್ತೆಯ ಎರಡೂ ಕಡೆ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಸಾತಪ್ಪ ಪಾಳಿ ಮುಗಿಸಿ ಬಂದು, ಊಟದ ಬಿಡುವಿನಲ್ಲಿ ಕೂತು, ಎಂಟು ತಿಂಗಳು ಬರೆದ ಇನ್ನೂರ ಹನ್ನೆರಡು ಪುಟ ಒಂದೇ ಸಲ ಮುಚ್ಚಿಕೊಂಡಿತ್ತು. ಹೆಸರು ಕೇಳಿದವರಿಗೆಲ್ಲ ಪರದೆಯ ಮೇಲೆ, ಸತ್ತ ಪಾತ್ರಗಳಿಗೆಂದು ನಾನು ಎಂದೋ ಬರೆದಿಟ್ಟಿದ್ದ ಸಾಲು ಬರುತ್ತಿತ್ತು: 'ಈ ಮನುಷ್ಯ ಸತ್ತಿದ್ದಾನೆ. ಮುಂದಕ್ಕೆ ಹೋಗಿ.'

ಎರಡು ನಿಮಿಷದಲ್ಲಿ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. ಸತ್ತವರು ತಿರುಗಿ ಬರುವುದಿಲ್ಲ ಎಂಬ ನೇಮದ ನೆಪ ಹೇಳಿಕೊಂಡೆ. ಹೆದರಿಕೆಯೂ ಇತ್ತು. ಇನ್ನೊಂದನ್ನೂ ಹೇಳಿಬಿಡುತ್ತೇನೆ: ಒಂದು ಗಂಟೆಯ ಮಟ್ಟಿಗೆ ನನಗೆ ಖುಷಿಯಾಗಿತ್ತು. ನೂರು ಜನರ ಎದುರು ನನ್ನ ಪರವಾಗಿ ಗ್ಯಾರಂಟಿ ಕೊಟ್ಟನಲ್ಲ, ಈಗ ನೋಡಲಿ ಅಂತ.

ಓದುಗರು ಬೈದರು. ಆ್ಯಪ್‌ನವರು ಫೋನ್ ಮಾಡಿ ಏನಾಯಿತೆಂದು ಕೇಳಿದರು. ಸಾತಪ್ಪ ಮಾತ್ರ ಏನೂ ಕೇಳಲಿಲ್ಲ. ಮುಂದಿನ ಭಾನುವಾರ ಮಿಸಳ ಅಂಗಡಿಗೆ ಬರಲೂ ಇಲ್ಲ. ಎರಡು ತಾಸು ಒಬ್ಬಳೇ ಕೂತು ಎದ್ದೆ. ಆಗ ನನಗೆ ನಿಜವಾಗಿ ಭಯವಾಯಿತು.

ಮಂಗಳವಾರ ಮನೆಯಲ್ಲಿ ಸುಳ್ಳು ಹೇಳಿ ಕಾಗಲಕ್ಕೆ ಹೋದೆ. ಫ್ಯಾಕ್ಟರಿಯ ಮೊದಲ ಪಾಳಿ ಮೂರಕ್ಕೆ ಬಿಡುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳ ಧೂಳಿನಲ್ಲಿ ಗೇಟಿನ ಎದುರು ನಿಂತಿದ್ದೆ. ನೀಲಿ ಅಂಗಿಗಳ ಗುಂಪಿನಲ್ಲಿ ಅವನು ಬಂದ, ನನ್ನನ್ನು ಕಂಡ, ನಿಂತ.

"ಚಹಾ ಕುಡೀತೀರೇನ್ರಿ ಮೇಡಂ?"

"ಮೇಡಂ ಅನಬ್ಯಾಡ."

ಅವನು ಎರಡು ಚಹಾ ಹೇಳಿದ. ಗಾಡಿಯ ಪಕ್ಕ ನಿಂತೆವು.

"ಸಿಟ್ಟ ಬಂದೈತೇನು? ಬೈ. ಬೈದ ಬಿಡ, ಸಾತಪ್ಪ."

"ಸಿಟ್ಟ ಇಲ್ರಿ." ಚಹಾದ ಕೆನೆಯನ್ನು ಬೆರಳಿನಿಂದ ತೆಗೆದು ಚೆಲ್ಲಿದ. "ಶುಭಾಂಗಿ, ನನ್ನ ತಂಗಿ, ಅಪ್ಪಗ ಓದಿ ಹೇಳ್ತಾಳ್ರಿ. ಅಪ್ಪಗ ಓದಾಕ ಬರಾಂಗಿಲ್ಲ. ಕುರಿ ನಿಲ್ಲಿಸಿದಲ್ಲೇ ಹೋಗಿ ಕೂತು ಓದ್ತಾಳ. ಯಾವ ದಾರಿ ಹಿಡೀಬೇಕಂತ ಅಂವನ ಹೇಳಾಂವ. ಆಯ್ತಾರ ಸಂಜೀಕ ತನ್ನ ಬೆರಳಿಂದನ ಒತ್ತಿದ, ಹೆಸರ ಕೇಳು ಅಂತ. ಐದಾರ ಸಲ ಕೇಳಿದ್ದ. ಇವತ್ತರೆ ಹೇಳ್ತಾರ ನೋಡಂತ ಶುಭಾಂಗಿಗೆ ಅಂದಿದ್ನಂತ."

ನಾನು ಲೋಟ ಗಟ್ಟಿಯಾಗಿ ಹಿಡಿದುಕೊಂಡೆ.

"ಅಕಿ ಸುಳ್ಳ ಓದಬೇಕಾಗಿತ್ತು. ಹುಚ್ಚಿ. ಇದ್ದದ್ದ ಇದ್ದಂಗ ಓದಿದ್ಳು."

"ಏನಂದ್ರು ಅವ್ರು?"

"ಕುರಿ ಯಾರ ನೋಡ್ಕೊಂಡ್ರು ಅಂತ ಕೇಳಿದ."

"ಅಂದ್ರ?"

"ಕುರಿಯವ ಸತ್ತನಲ್ರಿ. ಅಂವನ ಕುರಿ ಯಾರ ನೋಡ್ಕೊಂಡ್ರು, ಹಂಗ ಬಿಟ್ರೇನು ಅಂತ. ಶುಭಾಂಗಿ ಹುಡುಕಿದ್ಳು. ಎಲ್ಲೂ ಬರದಿದ್ದಿಲ್ಲ."

ಬರೆದಿರಲಿಲ್ಲ. ಹತ್ತು ವರ್ಷ ಆ ಲೋಕ ಕಟ್ಟಿದ್ದೆ. ಯಾವ ವಾಡೆಯಲ್ಲಿ ಎಷ್ಟು ಮೆಟ್ಟಿಲು ಎಂದು ನನಗೆ ಗೊತ್ತಿತ್ತು. ಕುರಿಗಳು ಎಲ್ಲಿ ಹೋದವು ಎಂದು ಗೊತ್ತಿರಲಿಲ್ಲ.

"ಸಾತಪ್ಪ, ನನಗ ನಿನ್ನ ಮ್ಯಾಲ ಪ್ರೀತಿ ಐತಿ." ಚಹಾ ಗಾಡಿಯ ಪಕ್ಕ, ಟ್ರ್ಯಾಕ್ಟರ್ ಸದ್ದಿನ ನಡುವೆ ಹೇಳಿದೆ. ಅದಕ್ಕೂ ಒಳ್ಳೆಯ ಜಾಗ ಹುಡುಕಿಡಲಿಲ್ಲ ನಾನು.

"ಗೊತ್ತೈತ್ರಿ. ಗೊತ್ತಿದ್ದದ್ದಕ್ಕ ಅಷ್ಟ ದಿನ ಕೇಳ್ದೆ."

"ಅಂವನ್ನ ತಿರುಗಿ ಎಬ್ಬಸ್ತೀನಿ. ನೇಮಾ ಎಲ್ಲಾ ಮುರೀತೀನಿ."

"ನಿಮ್ಮ ಮನಸಿಗೆ ಬಂದ್ರ ಕೊಲ್ತೀರಿ, ಮನಸಿಗೆ ಬಂದ್ರ ಎಬ್ಬಸ್ತೀರಿ. ಎರಡೂ ನನಗ ಒಂದ ಅನಸ್ತಾವ್ರಿ."

ಅವನು ದನಿ ಎತ್ತಲಿಲ್ಲ. ಬೈದಿದ್ದರೆ ನಾನು ಅತ್ತು ಕಾಲು ಹಿಡಿಯುತ್ತಿದ್ದೆ, ಏನಾದರೂ ಮಾಡುತ್ತಿದ್ದೆ.

"ಬಿಟ್ಟ ಹೊಂಟಿಯೇನು?"

"ಇಲ್ರಿ. ಮಾತ ಕೊಟ್ಟೇನಿ. ಆರ ಕಂತ ಉಳದಾವ, ಬರದ ಕೊಡ್ತೇನಿ. ಕೆಲಸ ಅರ್ಧಕ್ಕ ಬಿಡೂ ಪದ್ಧತಿ ನಮ್ಮನ್ಯಾಗಿಲ್ಲ."

ನೋಡಿ ನನ್ನ ಹುಚ್ಚು, ಆರು ಕಂತು ಎಂದ ಕೂಡಲೇ ಜೀವ ಬಂತು. ಆರು ಕಂತೆಂದರೆ ಇನ್ನೂ ಎಂಟು ತಿಂಗಳ ಭಾನುವಾರಗಳು. ಅಷ್ಟರಲ್ಲಿ ಅವನ ಮನಸ್ಸು ತಿರುಗಿಸಿಕೊಳ್ಳುತ್ತೇನೆ ಎಂದುಕೊಂಡೆ.

ಮನೆಗೆ ಬಂದ ಕೂಡಲೇ ಒಂದನೇ ನೇಮ ಅಳಿಸಿದೆ. ಎರಡನೇದನ್ನೂ ಅಳಿಸಿದೆ. 'ಸತ್ತಿದ್ದಾನೆ' ತೆಗೆದು 'ಇದ್ದಾನೆ' ಎಂದು ಬರೆದೆ. ಆಮೇಲೆ ಅಷ್ಟು ವಾರ ತೆರೆಯದೆ ಇಟ್ಟಿದ್ದ ಅವನ ಉತ್ತರದ ಪುಟ ತೆರೆದೆ. ಖಾಲಿ ಇತ್ತು. ಬರೆದದ್ದನ್ನೆಲ್ಲ ಅವನು ವಾಪಸು ತೆಗೆದುಕೊಂಡಿದ್ದ. ಏನು ಬರೆದಿದ್ದನೋ ನನಗೆ ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ.

ನಾನೇ ಬರೆದೆ. ರಾಣಿ ಸಿಂಹಾಸನ ಇಳಿದು, ಏಳು ವಾಡೆ ದಾಟಿ, ಕುರಿಗಳ ನಡುವೆ ಬಂದು ಕೇಳುತ್ತಾಳೆ: ನಿನ್ನ ಹೆಸರೇನು? ಅವನು ಹೇಳುತ್ತಾನೆ: ಸಾತಪ್ಪ.

ಪ್ರಕಟಿಸಿದೆ. ಕಾಕಾಸಾಹೇಬ ಕಾಕಾ ಓದಲಿ, ಇಡೀ ಇಚಲಕರಂಜಿ ಓದಲಿ ಎಂದುಕೊಂಡೆ. ಓದಿದರು. ದಾದಾ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತು, ಹಾಗೇ ತಿರುಗಿ ಹೋದ. ಅಂದಿನಿಂದ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ಅವ್ವ ಅಡುಗೆಮನೆಯಿಂದಲೇ "ಮಂದಿ ಮುಂದ ಯಾವ ಮಾರಿ ಹೊತ್ಕೊಂಡ ತಿರಗಲೇ ನಾನು?" ಎಂದು ಅತ್ತಳು. ನನಗೆ ಹೆದರಿಕೆಯಾಗಲಿಲ್ಲ. ಜೀವನದಲ್ಲಿ ಮೊದಲ ಸಲ ಹೆದರಿಕೆಯಾಗಲಿಲ್ಲ. ಫೋನ್ ಕೈಯಲ್ಲಿ ಹಿಡಿದು ಅವನ ಒಂದು ಮಾತಿಗಾಗಿ ಎರಡು ದಿನ ಕಾದೆ.

ಮೂರನೇ ದಿನ ಮೆಸೇಜ್ ಬಂತು. "ಮೇಡಂ, ದಯವಿಟ್ಟು ಆ ಹೆಸರು ತೆಗೆಯಿರಿ. ಅದು ನಮ್ಮ ಅಜ್ಜನದು. ಅಪ್ಪನಿಗೆ ಸೇರಲಿಲ್ಲ."

ತೆಗೆದೆ. ಮೂವತ್ತೊಂದು ಕಡೆ ಇತ್ತು. ಒಂದೊಂದನ್ನೇ ಅಳಿಸಿ, ಅಲ್ಲೆಲ್ಲ ಮತ್ತೆ 'ಕುರಿಯವನು' ಎಂದು ನನ್ನ ಕೈಯಿಂದಲೇ ಬರೆದೆ.

ಭಾನುವಾರ ಅವನು ಬಂದ. ಹೇಳಿದ ಸಮಯಕ್ಕೆ ಬಂದ. ಎಣ್ಣೆ ಹಚ್ಚಿ ತಲೆ ಬಾಚಿದ್ದ. ನಮಸ್ಕಾರ ಮಾಡಿ, ಲ್ಯಾಪ್‌ಟಾಪ್ ತೆರೆದು, ಕೀಲಿಮಣೆಯ ಮೇಲೆ ಕೈ ಇಟ್ಟುಕೊಂಡು ಕೂತ.

"ಇವತ್ತ ಎಲ್ಲಿಂದ ಸುರು ಮಾಡೋಣ್ರಿ ಮೇಡಂ?"

"ರಾಣಿ ಕುರಿಯವನ್ನ ವಾಡೇದಿಂದ ಹೊರಗ ಹಾಕ್ಲಿ." ಅವನು ಜಗಳ ತೆಗೆಯಲಿ ಎಂದೇ ಹೇಳಿದೆ.

"ಹೌದ್ರಿ." ಬರೆದ.

"ಅಂವನ ಕಂಬಳಿ ಸುಟ್ಟ ಹಾಕ್ಲಿ."

"ಹೌದ್ರಿ ಮೇಡಂ." ಬರೆದ. ಕಂಬಳಿ ಸುಡುವ ವಾಸನೆಯನ್ನೂ ಎರಡು ಸಾಲಿನಲ್ಲಿ ಚಂದ ಮಾಡಿ ಬರೆದ.

"ಇಷ್ಟ ದಿನ ಒಂದೊಂದ ಸಾಲಿಗೂ ಜಗಳಾಡ್ತಿದ್ದೆಲ್ಲೋ, ಈಗೇನಾತು? ಏನರೆ ಅನ್ನಲಾ!"

"ನಿಮ್ಮ ಲೋಕ ಐತ್ರಿ. ನೀವು ಹೇಳ್ದಂಗ."

ನನ್ನ ದನಿ ಏರಿತ್ತು. ಪಕ್ಕದ ಮೇಜಿನವರು ನೋಡುತ್ತಿದ್ದರು, ನೋಡಲಿ.

"ಹಂಗಿದ್ರ ಬರಿ. ಕುರಿಯವ ರಾಣಿಗೆ ಪ್ರೀತಿ ಹೇಳ್ಲಿ. ಈಗ ಬರಿ, ನನ್ನ ಎದುರಿಗೆ ಬರಿ."

ಅವನು ಒಂದು ಕ್ಷಣ ಕೀಲಿಮಣೆಯ ಮೇಲೆ ಬೆರಳು ನಿಲ್ಲಿಸಿದ. ಅವನು ಕಣ್ಣೆತ್ತಿ ನನ್ನನ್ನು ನೋಡಿದ. ಬ್ಯಾಂಕಿನವರು ಗಿರಾಕಿಯನ್ನು ನೋಡುವ ಹಾಗೆ ನೋಡಿದ.

"ಎಷ್ಟ ಉದ್ದ ಬೇಕ್ರಿ?"

"ಒಂದ ಪುಟ," ಎಂದೆ.

ಇಪ್ಪತ್ತು ನಿಮಿಷದಲ್ಲಿ ಬರೆದು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ. ಓದಿದೆ. ಇಷ್ಟು ತಿಂಗಳೂ ನಾನು ಕೇಳಬೇಕೆಂದು ಒದ್ದಾಡಿದ ಮಾತೆಲ್ಲ ಅಲ್ಲಿತ್ತು. ರಾಣಿಯ ಸಿಟ್ಟು, ಅವಳ ನಗು, ಅವಳ ಹೆದರಿಕೆ, ಅದೆಲ್ಲ ಗೊತ್ತಿದ್ದೂ ಅವಳನ್ನು ಬಯಸುವ ಗಂಡಸಿನ ದನಿ. ಒಂದು ತಪ್ಪಾದರೂ ಸಿಗಲಿ, ಬೆರಳಿಡುತ್ತೇನೆ, ಹೊಡೆಯುತ್ತೇನೆ ಎನ್ನುತ್ತೇನೆ, ಅವನು ನನ್ನ ಬೆರಳು ನೋಡಲಿ, ಬೇಡವೆನ್ನಲಿ ಎಂದು ಮೂರು ಸಲ ಓದಿದೆ. ಎಲ್ಲೂ ಒಂದು ತಪ್ಪಿರಲಿಲ್ಲ.

"ಚಲೋ ಐತಿ," ಎಂದೆ.

"ಥ್ಯಾಂಕ್ಯೂ ರೀ." ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡ. "ಮುಂದಿನ ಪುಟದಾಗ ಏನ ಬರೀಲ್ರಿ ಮೇಡಂ?"